ಮಂಗಳೂರಿನಲ್ಲಿ ಐಸಿಯು ನರ್ಸ್ ಆಗಿದ್ದೇನೆ. ಅಮೆರಿಕದಲ್ಲಿ ನರ್ಸ್ ಅನಸ್ತೇಷಿಯಾ ಓದಲು ಈಗಿನಿಂದಲೇ ಏನು ತಯಾರಿ ಮಾಡಲಿ?

ಬಿಎಸ್ಸಿ ನರ್ಸಿಂಗ್ ಮುಗಿಸಿ ಮಂಗಳೂರಿನ ಐಸಿಯುವಿನಲ್ಲಿ ಮೂರು ವರ್ಷ ಆಗಿದೆ, ಗಂಡ ಅಮೆರಿಕದಲ್ಲಿದ್ದಾರೆ, ಗ್ರೀನ್ ಕಾರ್ಡ್ ಕೆಲಸ ಕೊನೆ ಹಂತದಲ್ಲಿದೆ, ಹೊರಡುವ ಮೊದಲು ಯಾವ ಪುಸ್ತಕ ತಗೊಳ್ಳಲಿ ಅಕ್ಕ, ಅಂತ ಕೇಳಿದ್ದೀರಿ. ನಾನೂ ಅದೇ ದಾರಿಯಲ್ಲಿ ಹೋದವಳು. ಮನೆ ಬ್ರಹ್ಮಾವರದ ಹತ್ತಿರ, ಐಸಿಯು ಕೆಲಸ ಕಲಿತದ್ದು ಮಂಗಳೂರಿನಲ್ಲಿ. ಈಗ ಅಮೆರಿಕದಲ್ಲಿ ನರ್ಸ್ ಅನಸ್ತೇಷಿಯಾ, ಅಂದರೆ ಆಪರೇಷನ್ನಿಗೆ ನರ್ಸೇ ಅರಿವಳಿಕೆ ಕೊಡಲು ಕಲಿಯುವ ಕೋರ್ಸಿನ ಕೊನೆಯ ವರ್ಷದಲ್ಲಿದ್ದೇನೆ. ನನ್ನನ್ನು ಕೇಳಿದರೆ ಪುಸ್ತಕ ಆಮೇಲೆ. ಮೊದಲು ದುಡ್ಡಿನ ಲೆಕ್ಕ ಹಾಕಿ, ಮನೆಯವರ ಹತ್ತಿರ ಕೂತು ಮಾತಾಡಿ. ನನ್ನ ಬ್ಯಾಚಿನಲ್ಲಿ ಪಾಠ ತಲೆಗೆ ಹತ್ತದೆ ಒದ್ದಾಡಿದವರು ಕಡಿಮೆ. ಮನೆ, ಸಾಲ, ಮಗು ಅಂತ ಒದ್ದಾಡಿದವರೇ ಜಾಸ್ತಿ.

ಕಹಿ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮಂಗಳೂರಿನ ಮೂರು ವರ್ಷ ಅರ್ಜಿಯ ಲೆಕ್ಕಕ್ಕೆ ಬರುವುದಿಲ್ಲ. ಸೇರಲು ಕನಿಷ್ಠ ಒಂದು ವರ್ಷ ಫುಲ್ ಟೈಮ್ ಕ್ರಿಟಿಕಲ್ ಕೇರ್ ಕೆಲಸ ಮಾಡಿರಬೇಕು. ಅದನ್ನು ಅಮೆರಿಕದ ಒಳಗೆ ಅಥವಾ ಅವರ ಮಿಲಿಟರಿ ಆಸ್ಪತ್ರೆಯಲ್ಲೇ ಮಾಡಿರಬೇಕು ಅಂತ ಈ ಕೋರ್ಸುಗಳಿಗೆ ಮಾನ್ಯತೆ ಕೊಡುವ ಕೌನ್ಸಿಲ್ ಹೇಳುತ್ತದೆ. ಹಾಗಾಗಿ ಮೊದಲು ಎನ್‌ಕ್ಲೆಕ್ಸ್ ಅನ್ನುವ ನರ್ಸ್ ಲೈಸೆನ್ಸ್ ಪರೀಕ್ಷೆ, ಆಮೇಲೆ ಆ ರಾಜ್ಯದ ಲೈಸೆನ್ಸ್, ಆಮೇಲೆ ಐಸಿಯು ಕೆಲಸ. ಆ ಹೊತ್ತಿಗೆ ಕ್ರಿಟಿಕಲ್ ಕೇರ್ ನರ್ಸುಗಳ ಸಿಸಿಆರ್‌ಎನ್ ಪರೀಕ್ಷೆಯನ್ನೂ ಪಾಸು ಮಾಡಿಕೊಳ್ಳಿ, ತುಂಬ ಕಾಲೇಜುಗಳು ಕೇಳುತ್ತವೆ. ಅಷ್ಟಾದ ಮೇಲೆ ಸೀಟು. 2022ರ ಜನವರಿಯಿಂದ ಹೊಸದಾಗಿ ಸೇರುವವರೆಲ್ಲ ಡಾಕ್ಟರೇಟ್ ಮಟ್ಟದ ಕೋರ್ಸಿಗೇ ಸೇರಬೇಕು. ನಿಮ್ಮ ಹಾಗೆ ಬಿಎಸ್ಸಿಯಿಂದ ನೇರವಾಗಿ ಹೋಗುವವರಿಗೆ ಅಂದರೆ ಕನಿಷ್ಠ ಮೂರು ವರ್ಷ.

ಹಾಗಂತ ಇಲ್ಲಿನ ಐಸಿಯು ದಂಡ ಅಂದುಕೊಳ್ಳಬೇಡಿ. ನಿಮ್ಮ ವಾರ್ಡಿನಲ್ಲಿ ಗದ್ದೆ ತೋಟಕ್ಕೆ ಹೊಡೆಯುವ ಮದ್ದು ಹೊಟ್ಟೆಗೆ ಹೋದವರು ವೆಂಟಿಲೇಟರಿನಲ್ಲಿ ಇರುತ್ತಾರೆ ಅಲ್ವಾ? ಬಾಯಿ ತುಂಬ ನೀರು, ಕುಗ್ಗಿದ ಪಾಪೆ, ಇಳಿದ ಪಲ್ಸ್, ಅಟ್ರೊಪಿನ್ ಡ್ರಿಪ್. ಆ ವಿಷ ತಡೆಯುವುದು ನರದ ಸಂದೇಶ ಸಾಗಿಸುವ ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವವನ್ನು. ಈಗ ಓಟಿಗೆ ಬನ್ನಿ. ಆಪರೇಷನ್ ಮುಗಿದಾಗ ಸ್ನಾಯು ಸಡಿಲಿಸಿದ ಔಷಧಿಯ ಪರಿಣಾಮ ಇಳಿಸಲು ಕೊಡುವ ನಿಯೋಸ್ಟಿಗ್ಮಿನ್ ಕೂಡ ಅದೇ ಕಿಣ್ವವನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಅದಕ್ಕೇ ಪಲ್ಸ್ ಇಳಿಯದ ಹಾಗೆ ಜೊತೆಗೆ ಗ್ಲೈಕೊಪೈರೊಲೇಟ್ ಕೊಡುತ್ತಾರೆ. ಮದ್ದು ಕುಡಿದವರಿಗೆ ಟ್ಯೂಬ್ ಹಾಕುವಾಗ ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಕೊಟ್ಟರೆ ಕೆಲವೇ ನಿಮಿಷಕ್ಕೆ ಇಳಿಯಬೇಕಾದದ್ದು ತುಂಬ ಹೊತ್ತು ನಿಲ್ಲುತ್ತದೆ. ಅದನ್ನು ಒಡೆಯುವ ರಕ್ತದ ಕಿಣ್ವವೂ ವಿಷಕ್ಕೆ ಸಿಕ್ಕಿರುತ್ತದೆ, ಅದಕ್ಕೆ. ನಾಗರಹಾವು ಕಚ್ಚಿದವರ ರೆಪ್ಪೆ ಜೋತು ಬೀಳುವುದೂ ಇದೇ ನರ ಸ್ನಾಯು ಸೇರುವ ಜಾಗದಲ್ಲಿ ಆಗುವ ತೊಂದರೆ. ಅಮೆರಿಕದ ನನ್ನ ಕ್ಲಾಸ್‌ಮೇಟ್‌ಗಳು ಇದನ್ನೆಲ್ಲ ಚಿತ್ರದಲ್ಲಿ ನೋಡಿ ಕಲಿತರು. ನೀವು ಬೆಡ್ಡಿನ ಪಕ್ಕ ನಿಂತು ನೋಡುತ್ತಿದ್ದೀರಿ. ಮಳೆಗಾಲದಲ್ಲಿ ಇಲಿಜ್ವರದವರು ಬಂದಾಗಲೂ ಅಷ್ಟೇ. ಕಿಡ್ನಿ, ಶ್ವಾಸಕೋಶ, ಬಿಪಿ ಮೂರೂ ಒಟ್ಟಿಗೆ ಕೆಡುವುದನ್ನು ನೋಡುತ್ತೀರಿ. ಬಿಪಿ ಹೆಚ್ಚಿಸುವ ನಾರ್‌ಅಡ್ರಿನಲಿನ್ ಏರಿಸಿ ಅಂದಾಗ ಸುಮ್ನೆ ಏರಿಸಬೇಡಿ. ಯಾಕೆ, ಎಷ್ಟು, ಅದರಿಂದ ಏನಾಗುತ್ತದೆ ಅಂತ ಡಾಕ್ಟ್ರನ್ನು ಕೇಳಿ. ಕೆಲವರು ಗದರುತ್ತಾರೆ, ಪರವಾಗಿಲ್ಲ. ಅಲ್ಲಿ ಸೀಟಿನ ಇಂಟರ್‌ವ್ಯೂನಲ್ಲಿ ಕೇಳುವುದು ಹೆಚ್ಚಾಗಿ ಇಂಥದ್ದನ್ನೇ.

ಇನ್ನೊಂದು ಗೊಂದಲ ನಮ್ಮ ಕಡೆ ತುಂಬ ಉಂಟು. ಬಿಎಸ್ಸಿ ಅನಸ್ತೇಷಿಯಾ ಟೆಕ್ನಾಲಜಿ ಬೇರೆ, ಇದು ಬೇರೆ. ಅದು ಟೆಕ್ನಿಷಿಯನ್ ಕೋರ್ಸ್, ಅದರಿಂದ ಆರ್‌ಎನ್, ಅಂದರೆ ಅಲ್ಲಿನ ನೋಂದಾಯಿತ ನರ್ಸ್ ಆಗಲು ಆಗುವುದಿಲ್ಲ. ಯಾರಾದರೂ ಏಜೆಂಟ್ ಎರಡೂ ಒಂದೇ ಅಂದರೆ ಅಲ್ಲಿಂದ ಎದ್ದು ಬನ್ನಿ. ನೆಂಟರಿಗೆ ವಿವರಿಸುವುದು ಮಾತ್ರ ಕಷ್ಟವೇ. ನಮ್ಮಲ್ಲಿ ಅನಸ್ತೇಷಿಯಾ ಕೊಡುವುದು ಅದನ್ನೇ ಓದಿದ ಡಾಕ್ಟ್ರು, ಹಾಗಾಗಿ ನರ್ಸ್ ಕೊಡುತ್ತಾರೆ ಅಂದರೆ ಯಾರೂ ನಂಬುವುದಿಲ್ಲ. ಅಲ್ಲಿ ಇದು ಹೊಸದಲ್ಲ. ಮಿನೆಸೋಟದ ಆಲಿಸ್ ಮಗಾ ಎಂಬ ನರ್ಸ್ 14,000ಕ್ಕೂ ಹೆಚ್ಚು ಅನಸ್ತೇಷಿಯಾಗಳ ವರದಿಯನ್ನು 1906ರಲ್ಲೇ ಪ್ರಕಟಿಸಿದ್ದರು. ನಮ್ಮ ದೊಡ್ಡಮ್ಮನಿಗೆ ಇದನ್ನು ಹೇಳಿದೆ. "ಹಾಗಾದರೆ ನೀನು ಡಾಕ್ಟ್ರಾ, ನರ್ಸಾ?" ಅಂತ ಮತ್ತೆ ಕೇಳಿದರು.

ಈಗ ದುಡ್ಡು. ಓದುವಾಗ ಕೆಲಸ ಮಾಡಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕ್ಲಾಸು, ಕ್ಲಿನಿಕಲ್ (ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತ ಕಲಿಯುವುದು) ಸೇರಿ ವಾರಕ್ಕೆ 64 ಗಂಟೆ ಮೀರಬಾರದು ಅಂತ ಮಿತಿ ಇಟ್ಟಿದ್ದಾರೆ, ನಾಲ್ಕು ವಾರದ ಸರಾಸರಿಯಲ್ಲಿ. ಮಿತಿಯೇ ಅಷ್ಟು ಅಂದರೆ ನೋಡಿ. ಮನೆಯಲ್ಲಿ ಕೂತು ಓದುವುದು ಅದರ ಮೇಲೆ. ಹಲವು ಕಡೆ ಫೀಸೇ ಒಂದು ಲಕ್ಷ ಡಾಲರ್ ದಾಟುತ್ತದೆ. ಗ್ರೀನ್ ಕಾರ್ಡ್ ಇದ್ದರೆ ಅಲ್ಲಿನ ಸರ್ಕಾರದ ವಿದ್ಯಾರ್ಥಿ ಸಾಲ ಸಿಗುತ್ತದೆ. ಆದರೆ ಖರ್ಚಿಗೆಲ್ಲ ಆಗುತ್ತಿದ್ದ ಗ್ರಾಡ್ ಪ್ಲಸ್ ಸಾಲವನ್ನು 2026ರ ಜುಲೈ 1ರಿಂದ ಹೊಸಬರಿಗೆ ನಿಲ್ಲಿಸುವ ಕಾನೂನು 2025ರಲ್ಲಿ ಬಂದಿದೆ. ನನ್ನ ಸೀನಿಯರ್‌ಗಳು ಹೇಳುವ ಸಾಲದ ಲೆಕ್ಕ ನಿಮಗೆ ನಡೆಯುವುದಿಲ್ಲ. ಐಸಿಯುವಿನಲ್ಲಿ ದುಡಿಯುವ ವರ್ಷಗಳಲ್ಲೇ ಕೂಡಿಡಬೇಕು.

ಇಲ್ಲಿ ನಮ್ಮ ಊರಿನ ಹುಡುಗಿಯರಿಗೆ ಇನ್ನೊಂದು ತಾಪತ್ರಯ. ಕೆಲಸ ಸಿಕ್ಕಿದ ದಿನದಿಂದ ಮನೆಗೆ ದುಡ್ಡು ಹೋಗುತ್ತಿರುತ್ತದೆ. ಸೊಸೈಟಿ ಸಾಲ, ತಂಗಿಯ ಮದುವೆ, ಮನೆಗೆ ಸ್ಲ್ಯಾಬ್, ತಮ್ಮನ ಫೀಸು. ಮಗಳು ಅಮೆರಿಕಕ್ಕೆ ಹೋದಳು ಅಂದ ಕೂಡಲೇ ಇದು ದೊಡ್ಡದಾಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ ನೀವು ಮೂರು ವರ್ಷ ಸಂಬಳ ಇಲ್ಲ ಅಂತ ಹೇಳಬೇಕು. ಅದನ್ನು ಫೋನಿನಲ್ಲಿ ಹೇಳಲು ಆಗುವುದಿಲ್ಲ ಮಾರಾಯ್ರೆ. ಹೋಗುವ ಮೊದಲು ಎದುರು ಕೂತು ಹೇಳಿ. ಯಾವ ಸಾಲ ಯಾವಾಗ ಮುಗಿಯುತ್ತದೆ ಅಂತ ಅಪ್ಪನ ಹತ್ತಿರ ಬರೆಸಿಕೊಳ್ಳಿ. ಹೊಸ ಸಾಲಕ್ಕೆ ಜಾಮೀನು ಹಾಕಬೇಡಿ. ಕಠಿಣವಾಗಿ ಕಾಣಬಹುದು, ಆದರೆ ಕ್ಲಿನಿಕಲ್ ನಡುವೆ "ಈ ತಿಂಗಳ ಕಂತು ಕಟ್ಟಿಲ್ಲವಂತೆ" ಅಂತ ವಾಟ್ಸಾಪ್ ಬಂದರೆ ಆ ದಿನ ಓದು ಆಗುವುದಿಲ್ಲ.

ಗಂಡನಿಗೂ ಮೊದಲೇ ಹೇಳಿ. ಅಡುಗೆ, ಬಟ್ಟೆ, ಬಿಲ್ಲು ಎಲ್ಲ ಅವರದ್ದು, ಸ್ವಲ್ಪ ಸಹಾಯ ಅಲ್ಲ, ಪೂರ್ತಿ. ಊರಿನ ಮದುವೆ, ದೈವದ ನೇಮ, ಅಷ್ಟಮಿ ಯಾವುದಕ್ಕೂ ಬರಲು ಆಗದೆ ಹೋಗಬಹುದು. ಮಗು ಇದ್ದರೆ ಅಮ್ಮನೋ ಅತ್ತೆಯೋ ಬರುತ್ತಾರೆ ಅಂತ ಲೆಕ್ಕ ಹಾಕುತ್ತೀರಿ. ಆದರೆ ವಿಸಿಟರ್ ವೀಸಾದಲ್ಲಿ ಬಂದವರಿಗೆ ಒಮ್ಮೆಗೆ ಸಾಮಾನ್ಯವಾಗಿ ಆರು ತಿಂಗಳು ಮಾತ್ರ. ಉಳಿದ ತಿಂಗಳಿಗೆ ಏನು ಅಂತ ಈಗಲೇ ಯೋಚಿಸಿ. ಡ್ರೈವಿಂಗ್ ಕೂಡ ಕಲಿತೇ ಹೋಗಿ. ಕ್ಲಿನಿಕಲ್ ಆಸ್ಪತ್ರೆ ಬದಲಾಗುತ್ತಿರುತ್ತದೆ, ಕೆಲವು ತುಂಬ ದೂರ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿಗೆ ಬಂದರೆ ಎಲ್ಲಿಗಾದರೂ ಬಸ್ಸು ಸಿಗುತ್ತದೆ ಅನ್ನುವ ಅಭ್ಯಾಸ ಅಲ್ಲಿ ನಡೆಯುವುದಿಲ್ಲ.

ಕ್ಲಿನಿಕಲ್ ಜೀವನ ಹೇಗೆ ಅಂತಲೂ ಕೇಳಿದ್ದೀರಿ. ನಾನು ಕತ್ತಲಿರುವಾಗಲೇ ಮನೆ ಬಿಡುತ್ತೇನೆ. ಮೊದಲ ಕೇಸಿಗೆ ಮೊದಲು ಮೆಷಿನ್ ಚೆಕ್, ಸಕ್ಷನ್, ಟ್ಯೂಬ್, ಲಾರಿಂಗೋಸ್ಕೋಪ್, ಸಿರಿಂಜ್‌ಗಳಿಗೆ ಔಷಧಿ ತುಂಬಿ ಲೇಬಲ್ ಹಾಕುವುದು ಎಲ್ಲ ಮುಗಿದಿರಬೇಕು. ಸಂಜೆ ನಾಳೆಯ ಕೇಸುಗಳನ್ನು ನೋಡಿ ಪ್ಲಾನ್ ಬರೆದು ಜೊತೆಗಿದ್ದು ಕಲಿಸುವ ಪ್ರಿಸೆಪ್ಟರಿಗೆ ಹೇಳಬೇಕು. ಪಾಸಾಗುವ ಮೊದಲು ಕನಿಷ್ಠ 600 ಕೇಸು, 2,000 ಗಂಟೆ. ಅದೆಲ್ಲ ದಿನ ಕಳೆದ ಹಾಗೆ ಆಗುತ್ತದೆ. ನನಗೆ ಕಷ್ಟವಾದದ್ದು ಬೇರೆ. ಐಸಿಯುವಿನಲ್ಲಿ ಜೂನಿಯರ್‌ಗಳು ನಮ್ಮನ್ನು ಕೇಳಿ ಕೆಲಸ ಮಾಡುತ್ತಾರೆ. ಈ ಕೋರ್ಸಿನಲ್ಲಿ ಮಾಸ್ಕ್ ಹಿಡಿಯಲೂ ಬಾರದವರ ಹಾಗೆ ಶುರು ಮಾಡಬೇಕು, ದಿನಾ ಯಾರೋ ಒಬ್ಬರು ಅಂಕ ಹಾಕುತ್ತಾರೆ. ಒಬ್ಬರು ಹೀಗೆ ಮಾಡಿ ಅಂದದ್ದನ್ನು ಮರುದಿನ ಇನ್ನೊಬ್ಬರು ತಪ್ಪು ಅನ್ನುತ್ತಾರೆ. ನಮಗೋ ಸೀನಿಯರ್ ಹೇಳಿದರೆ ತಲೆಯಾಡಿಸಿ ಅಭ್ಯಾಸ. ಅಲ್ಲಿ ಸುಮ್ಮನೆ ತಲೆಯಾಡಿಸಿದರೆ ಗೊತ್ತಿಲ್ಲ ಅಂತಲೇ ಲೆಕ್ಕ. "ನಾನು ಇದನ್ನು ಹೀಗೆ ಯಾಕೆ ಯೋಚಿಸಿದೆ ಅಂದರೆ" ಅಂತ ಬಾಯಿಬಿಟ್ಟು ಹೇಳಬೇಕು. ಇದನ್ನು ಇಲ್ಲಿನ ರೌಂಡ್ಸಿನಲ್ಲೇ ಅಭ್ಯಾಸ ಮಾಡಿಕೊಳ್ಳಿ, ಇಂಗ್ಲಿಷಿನಲ್ಲಿ.

ಪುಸ್ತಕ ಈಗ ಯಾವುದೂ ಬೇಡ. ಅನಸ್ತೇಷಿಯಾದ ದಪ್ಪ ಪುಸ್ತಕ ಲಗೇಜಿನಲ್ಲಿ ಭಾರ ಅಷ್ಟೇ. ನಿಮ್ಮ ಹಳೆ ಫಿಸಿಯಾಲಜಿ ಪುಸ್ತಕದಲ್ಲಿ ಹೃದಯ, ಉಸಿರಾಟ, ಕಿಡ್ನಿ ಇಷ್ಟು ಮತ್ತೆ ಓದಿ. ಕೆಮಿಸ್ಟ್ರಿ, ಸ್ಟಾಟಿಸ್ಟಿಕ್ಸ್ ಬೇಕು ಅಂತ ಕೆಲವು ಕಾಲೇಜು ಕೇಳುತ್ತವೆ. ಅದನ್ನು ಅಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ಮಾಡುವುದೇ ಒಳ್ಳೆಯದು, ಅಲ್ಲಿಯ ಮಾರ್ಕು ಕೈಯಲ್ಲಿ ಇದ್ದ ಹಾಗೂ ಆಗುತ್ತದೆ.

ಈ ವಾರವೇ ಶುರು ಮಾಡಬೇಕಾದದ್ದು ಕಾಗದ ಪತ್ರ. ಲೈಸೆನ್ಸಿಗೆ ನಿಮ್ಮ ಕಾಲೇಜಿನಿಂದ ಟ್ರಾನ್ಸ್‌ಕ್ರಿಪ್ಟ್ ಬೇಕು, ಕರ್ನಾಟಕ ನರ್ಸಿಂಗ್ ಕೌನ್ಸಿಲಿನಿಂದ ವೆರಿಫಿಕೇಶನ್ ಬೇಕು. ಮುಂದೆ ಸೀಟಿಗೆ ಅರ್ಜಿ ಹಾಕುವಾಗ ಒಂದೊಂದು ವಿಷಯದ ಮಾರ್ಕನ್ನೂ ಅಮೆರಿಕದ ಲೆಕ್ಕಕ್ಕೆ ಬದಲಿಸಬೇಕಾಗುತ್ತದೆ, ಅದಕ್ಕೂ ಇವೇ ಬೇಕು. ಹೆಚ್ಚಿನವು ಕಾಲೇಜು, ಕೌನ್ಸಿಲಿನಿಂದಲೇ ನೇರವಾಗಿ ಹೋಗಬೇಕು, ನಿಮ್ಮ ಕೈಗೆ ಕೊಟ್ಟದ್ದು ನಡೆಯುವುದಿಲ್ಲ. ಎಲ್ಲ ಕಾಗದದಲ್ಲೂ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇದೆಯಾ ನೋಡಿ, ಇನಿಷಿಯಲ್ ಸಮೇತ. ಮದುವೆ ಆದ ಮೇಲೆ ಹೆಸರು ಬದಲಿಸಿದ್ದರೆ ಅದರ ದಾಖಲೆಯೂ ಇರಲಿ. ಎನ್‌ಕ್ಲೆಕ್ಸ್ ಬೆಂಗಳೂರಿನಲ್ಲೇ ಬರೆಯಬಹುದು. ಸಾಧ್ಯವಾದರೆ ವೀಸಾ ಬರುವ ಮೊದಲೇ ಮುಗಿಸಿ. ನೀವು ವಿಮಾನ ಹತ್ತಿದ ಮೇಲೆ ಒಂದು ಸೀಲು ಬಾಕಿ ಉಳಿದರೂ ಅದಕ್ಕಾಗಿ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಬೇಕಾದವರು ನಿಮ್ಮ ಅಪ್ಪ.