ರಾಗಿ ತಳಿ ಮಾಡಲು ಯಾವ ಕಂಪನಿ ಬರುತ್ತದೆ?

“ಹೊಸದನ್ನು ಕಂಡುಹಿಡಿಯುವ ಕೆಲಸ ಕಂಪನಿಗಳಿಗೆ ಬಿಡಿ. ಸರ್ಕಾರ ಬಡವರಿಗೆ ಅಕ್ಕಿ ಕೊಟ್ಟುಕೊಂಡಿದ್ದರೆ ಸಾಕು” ಎಂದು ತುಮಕೂರಿನ ಓದುಗರೊಬ್ಬರು ಬರೆದಿದ್ದಾರೆ.

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಸರ್ಕಾರಿ ಕಚೇರಿಯಲ್ಲಿ ಫೈಲು ಹೇಗೆ ತೆವಳುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ತುಮಕೂರಿನವರಾಗಿ ರಾಗಿಯನ್ನೇ ಮರೆತುಬಿಟ್ಟಿರಲ್ಲ!

ಮಂಡ್ಯದ ವಿ.ಸಿ. ಫಾರ್ಮ್ ಎಂಬ ಸರ್ಕಾರಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಲಕ್ಷ್ಮಣಯ್ಯ ಅಂತ ಒಬ್ಬ ವಿಜ್ಞಾನಿ ಇದ್ದರು. ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಅಂತಲೇ ಕರೆದರು. ರಾಗಿ ಹೂವು ತೀರಾ ಚಿಕ್ಕದು. ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಅದಕ್ಕೆ ಬೇರೆ ತಳಿಯನ್ನು ಕೂಡಿಸುವುದು ಬಹಳ ನಾಜೂಕಿನ ಕೆಲಸ. ಅವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಗೆ ಕೂಡಿಸಿದರು. ‘ಇಂಡಾಫ್’ ತಳಿಗಳು ಬಂದದ್ದು ಹಾಗೆ. 1990ರ ದಶಕದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಬೆಂಕಿ ರೋಗ ತಡೆಯುವ ಜಿಪಿಯು-28 ತಳಿ ಕೊಟ್ಟಿತು. ಎಲ್ಲವೂ ಸರ್ಕಾರದ ದುಡ್ಡಿನಲ್ಲಿ.

ಇದಕ್ಕೆ ಕಂಪನಿಗಳು ಯಾಕೆ ಮುಗಿಬೀಳಲಿಲ್ಲ? ಹೈಬ್ರಿಡ್ ಮುಸುಕಿನ ಜೋಳವಾದರೆ ರೈತ ಪ್ರತಿ ವರ್ಷ ಬೀಜ ಕೊಳ್ಳಬೇಕು. ಒಳ್ಳೆಯ ರಾಗಿ ಒಮ್ಮೆ ಸಿಕ್ಕರೆ ಬಿತ್ತನೆಗೆ ಎತ್ತಿಟ್ಟುಕೊಳ್ಳುತ್ತಾನೆ, ಪಕ್ಕದವರಿಗೂ ಒಂದು ಸೇರು ಕೊಡುತ್ತಾನೆ. ತುಂಡು ಹೊಲದವನಿಗೆ ಲಾಭವಾದದ್ದೇ ಕಂಪನಿಗೆ ನಷ್ಟ. ಯಾರ ತಟ್ಟೆಯ ಊಟದ ಮೇಲೆ ಸಂಶೋಧನೆ ನಡೆಯಬೇಕು ಅನ್ನುವುದೂ ಸಾಮಾಜಿಕ ನ್ಯಾಯದ ಪ್ರಶ್ನೆಯೇ, ಅಲ್ವಾ?

ಹಾಗಂತ ಸರ್ಕಾರ ಮಾಡಿದ್ದೆಲ್ಲ ತಾನಾಗಿ ಬಡವರಿಗೆ ಮುಟ್ಟುವುದಿಲ್ಲ. 1902ರಲ್ಲಿ ಮೈಸೂರು ಸರ್ಕಾರ ಶಿವನಸಮುದ್ರದಲ್ಲಿ ಕರೆಂಟು ತಯಾರಿಸಿತು. ಅದು ಮೊದಲು ಹೋದದ್ದು ಬ್ರಿಟಿಷ್ ಕಂಪನಿಗಳ ಕೈಯಲ್ಲಿದ್ದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿತು. ಹಳ್ಳಿಯ ಗುಡಿಸಲಿಗೆ ಬಲ್ಬು ಬರಲು ಎಷ್ಟೋ ದಶಕ ಹಿಡಿಯಿತು. ಆದ್ದರಿಂದ ಸರ್ಕಾರವನ್ನು ಕೇಳಿ, ಬೈಯಿರಿ, ಬಜೆಟ್ಟಿನ ಲೆಕ್ಕ ತೆಗೆಸಿ. ಈ ಕೆಲಸವೇ ನಿನ್ನದಲ್ಲ ಅಂತ ಮಾತ್ರ ಬಿಟ್ಟುಕೊಡಬೇಡಿ.

ನನ್ನ ಸಂಕಟ ಇನ್ನೊಂದಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದಿತು. ರಾಗಿ ಬಿಸ್ಕತ್ತು, ರಾಗಿ ಮಾಲ್ಟು ಅಂಗಡಿ ತುಂಬಾ ಬಂದವು. ಲಕ್ಷ್ಮಣಯ್ಯನವರ ಹೆಸರು ಎಷ್ಟು ಶಾಲೆಯ ಮಕ್ಕಳಿಗೆ ಗೊತ್ತು? ಹೊಸ ಆ್ಯಪ್‌ಗೆ ಕೋಟಿಗಟ್ಟಲೆ ಬಂಡವಾಳ ಬಂದರೆ ನಾವು ಪತ್ರಿಕೆಯವರು ದೊಡ್ಡ ತಲೆಬರಹ ಕೊಡುತ್ತೇವೆ. ಹೊಸ ತಳಿ ಬಂದರೆ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು. ನೀವು ಹೀಗೆ ಬರೆಯುವುದಕ್ಕೆ ನಮ್ಮ ಈ ತಾತ್ಸಾರವೂ ಕಾರಣ.

ಮುಂಗಾರಿನಲ್ಲಿ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಬನ್ನಿ. ರಾಗಿ ಬೀಜದ ಚೀಲದ ಮೇಲೆ ಯಾವ ತಳಿ ಅಂತ ಓದಿ, ಅದನ್ನು ರೂಪಿಸಿದ್ದು ಯಾರು ಅಂತ ವಿಚಾರಿಸಿ. ಆಮೇಲೆ ಇನ್ನೊಂದು ಪತ್ರ ಬರೆಯಿರಿ, ಖಂಡಿತ ಪ್ರಕಟಿಸುತ್ತೇವೆ.

– ಸಂಪಾದಕ