ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಕಡಲಿಲ್ಲದ ಊರಿನಲ್ಲಿ ಕೈಟ್‌ಸರ್ಫಿಂಗ್

ಪ್ರಶ್ನೆ: ಕೆಲಸ ಸಿಕ್ಕಿ ಕಾರವಾರದಿಂದ ಬೆಂಗಳೂರಿಗೆ ಬಂದಿದ್ದೇನೆ, ಯಲಹಂಕದಲ್ಲಿ ವಾಸ. ದೊಡ್ಡ ಗಾಳಿಪಟದ (ಕೈಟ್) ಎಳೆತದಲ್ಲಿ, ಹಲಗೆಯ ಮೇಲೆ ನಿಂತು ನೀರಿನ ಮೇಲೆ ಜಾರುವ ಕೈಟ್‌ಸರ್ಫಿಂಗ್ ಕಲಿಯುವ ಆಸೆ. ಇಲ್ಲಿನ ಯಾವುದಾದರೂ ಕೆರೆಯಲ್ಲಿ ಸಾಧ್ಯವೇ? ಆಗದಿದ್ದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಕೆರೆಯ ಯೋಚನೆ ಬಿಟ್ಟುಬಿಡಿ. ಹಲಸೂರು ಕೆರೆಯಲ್ಲಿ ಸೇನೆಯವರ ಹಾಯಿದೋಣಿ ಕಂಡವರಿಗೆಲ್ಲ ಈ ಪ್ರಶ್ನೆ ಹುಟ್ಟುತ್ತದೆ. ಆದರೆ ಹಾಯಿ ದೋಣಿಯ ಕಂಬಕ್ಕೇ ಕಟ್ಟಿರುತ್ತದೆ, ಕೈಟ್ ಹಾರುವುದು ನಿಮ್ಮಿಂದ 20–24 ಮೀಟರ್ ಆಚೆ. ಬಿದ್ದರೆ ದಡದ ಮರಕ್ಕೋ ಕರೆಂಟ್ ತಂತಿಗೋ ಸಿಕ್ಕಿಕೊಳ್ಳುತ್ತದೆ. ಗಾಳಿಯೂ ಸರಿಯಿರುವುದಿಲ್ಲ. ಕಟ್ಟಡ, ಮರ ದಾಟಿ ಬಂದ ಗಾಳಿ ಆ ತಡೆಯ ಎತ್ತರದ ಸುಮಾರು ಹತ್ತು ಪಟ್ಟು ದೂರದವರೆಗೆ ಸುಳಿಯಾಗಿಯೇ ಇರುತ್ತದೆ. 30 ಮೀಟರ್ ಎತ್ತರದ ಅಪಾರ್ಟ್‌ಮೆಂಟ್ ಇದ್ದರೆ 300 ಮೀಟರ್ ಕೆಟ್ಟಿತು ಎಂದುಕೊಳ್ಳಿ. ಬೆಳ್ಳಂದೂರು, ವರ್ತೂರು ಕೆರೆಗಳು ವಿಶಾಲವೇನೋ ಹೌದು, ಆದರೆ ಕಲಿಯುವವರು ಮೊದಮೊದಲು ನೀರು ಕುಡಿಯುವುದೇ ಹೆಚ್ಚು. ಆ ನೀರನ್ನು ಕುಡಿಯುವ ಮಾತು ಬೇಡ.

ಊರಿನಲ್ಲೇ ಕಲಿಯಬಹುದಾದದ್ದು ಪಟದ ಹಿಡಿತ. ನೀರಿಗಿಳಿದ ಮೇಲೆ ಎಡವುವವರಲ್ಲಿ ಹೆಚ್ಚಿನವರು ಎಡವುವುದು ಹಲಗೆಯಿಂದಲ್ಲ, ಪಟದಿಂದ. ಅದಕ್ಕೆ ನಮ್ಮ ಆಷಾಢದ ಗಾಳಿ ಹೇಳಿಮಾಡಿಸಿದ್ದು. ಜೂನ್–ಜುಲೈನಲ್ಲಿ ಪಡುವಣದಿಂದ ಬೀಸುವ ಗಾಳಿ ವರ್ಷದ ಬೇರೆ ತಿಂಗಳುಗಳಿಗಿಂತ ಜೋರು. 2ರಿಂದ 3 ಚದರ ಮೀಟರಿನ, ಬಾರ್ (ದಾರಗಳನ್ನು ಕಟ್ಟಿದ ಹಿಡಿಕೋಲು) ಇರುವ ಟ್ರೇನರ್ ಕೈಟ್, ಅಂದರೆ ಅಭ್ಯಾಸದ ಚಿಕ್ಕ ಪಟ ಕೊಳ್ಳಿ. ಗಂಟೆಗೆ 15–25 ಕಿ.ಮೀ. ಗಾಳಿ ಸಾಕು. ಜಾಗ ಮಾತ್ರ ನೋಡಿ ಆರಿಸಿ. ನೀವಿರುವ ಯಲಹಂಕದಲ್ಲಿ ವಾಯುಪಡೆಯ ನೆಲೆ, ಪಕ್ಕದ ಜಕ್ಕೂರಿನಲ್ಲಿ ಏರೋಡ್ರೋಮ್, ಹಾಗಾಗಿ ಆ ಸುತ್ತಮುತ್ತ ಬೇಡವೇ ಬೇಡ. ತಂತಿ, ರಸ್ತೆ, ಮರಗಳಿಂದ ದೂರವಿರುವ ಬಯಲು ಹುಡುಕಿ, ಜಾಗದವರನ್ನು ಕೇಳಿಯೇ ಹಾರಿಸಿ. ಈ ದಾರ ಗಾಜಿನ ಮಾಂಜಾ ಅಲ್ಲ, ಆದರೂ ಬಿಗಿಯಾದಾಗ ಕೈ ಕೊಯ್ಯುತ್ತದೆ. ಬೆರಳಿಗೆ ಸುತ್ತಿಕೊಳ್ಳಬೇಡಿ, ಗಾಳಿ ಹೋಗುವ ದಿಕ್ಕಿನಲ್ಲಿ 40–50 ಮೀಟರ್‌ವರೆಗೆ ಯಾರೂ ಇರದಂತೆ ನೋಡಿಕೊಳ್ಳಿ.

ಗಾಳಿಗೆ ಬೆನ್ನು ಕೊಟ್ಟು ನಿಂತು ಎದುರಿಗೊಂದು ಗಡಿಯಾರ ಇದೆ ಎಂದುಕೊಳ್ಳಿ. ನೆತ್ತಿಯ ಮೇಲೆ 12, ಎರಡು ಅಂಚುಗಳಲ್ಲಿ 9 ಮತ್ತು 3. ಅಂಚಿನಲ್ಲಿ ಎಳೆತ ಕಡಿಮೆ. ನಿಮ್ಮ ಮುಂದೆ ನಡುವಿನಲ್ಲಿ, ಕೆಳಮಟ್ಟದಲ್ಲಿ ಎಳೆತ ಅತಿ ಹೆಚ್ಚು. ಮೊದಲು 12, 10, 2ರಲ್ಲಿ ಒಂದೊಂದು ನಿಮಿಷ ನಿಲ್ಲಿಸಿ. ಆಮೇಲೆ ಎಂಟರ ಆಕಾರ ಬರೆಯಿಸಿ, ನಂತರ ಒಂದೇ ಕೈಯಲ್ಲಿ ಹಾರಿಸಿ. ಬಲಕ್ಕೆ ತಿರುಗಿಸಲು ಬಾರ್‌ನ ಬಲತುದಿಯನ್ನು ನಿಮ್ಮತ್ತ ಎಳೆಯಬೇಕು, ಕಾರಿನ ಸ್ಟೀರಿಂಗ್ ತಿರುವಿದಂತೆ ತಿರುವಿದರೆ ಏನೂ ಆಗುವುದಿಲ್ಲ. ಕೊನೆಯ ಪರೀಕ್ಷೆ: ಪಟವನ್ನು 12ರಲ್ಲಿ ನಿಲ್ಲಿಸಿ, ಅದರತ್ತ ನೋಡದೆ ಐವತ್ತು ಹೆಜ್ಜೆ ನಡೆಯುವುದು. ಇದು ಬಂದರೆ ಕಡಲ ತೀರದಲ್ಲಿ ಮೊದಲ ದಿನದ ಪಾಠ ಬೇಗ ಮುಗಿಯುತ್ತದೆ.

ಪ್ರಶ್ನೆ: ಶನಿವಾರ, ಭಾನುವಾರ ಮಾತ್ರ ಬಿಡುವು. ವಾರಾಂತ್ಯಗಳಲ್ಲೇ ಹೋಗಿಬಂದು ಕಲಿಯಬಹುದೇ? ಎಲ್ಲಿಗೆ, ಯಾವಾಗ ಹೋಗಬೇಕು?

ಉತ್ತರ: ಗಾಳಿ ಬಂದಾಗ ತೂರಿಕೊಳ್ಳಬೇಕಾದ ಆಟ ಇದು. ಗಾಳಿಗೆ ನಿಮ್ಮ ಶನಿವಾರ ಗೊತ್ತಿಲ್ಲ. ಎರಡು ದಿನಕ್ಕೆಂದು ಹೋಗಿ ಒಂದು ದಿನ ಗಾಳಿಯಿಲ್ಲದೆ ಕುಳಿತರೆ, ಮುಂದಿನ ಸಲ ಹೋಗುವಷ್ಟರಲ್ಲಿ ಕಲಿತದ್ದು ಕೈಬಿಟ್ಟಿರುತ್ತದೆ. ಆರಂಭಿಕರ ಕೋರ್ಸ್ ಸಾಮಾನ್ಯವಾಗಿ 9–12 ಗಂಟೆ. ದಿನಕ್ಕೆ ಎರಡು–ಮೂರು ಗಂಟೆಗಿಂತ ಹೆಚ್ಚು ಮೈ ತಡೆಯುವುದಿಲ್ಲ. ಒಂದು ವಾರ ರಜೆ ಹಾಕಿ ಒಂದೇ ಉಸಿರಿಗೆ ಕಲಿಯುವುದು ಲೇಸು.

ಬೆಂಗಳೂರಿನವರಿಗೆ ನಮ್ಮ ಮೊದಲ ಸಲಹೆ ರಾಮೇಶ್ವರ. ಬೇಸಿಗೆಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಗಾಳಿ, ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಈಶಾನ್ಯದ ಗಾಳಿ. ಅಕ್ಟೋಬರ್–ನವೆಂಬರ್ ಅಲ್ಲಿ ಮಳೆ, ಚಂಡಮಾರುತಗಳ ಕಾಲ, ಬೇಡ. ಆಳವಿಲ್ಲದ, ಅಲೆಯಿಲ್ಲದ ನೀರಿನ ಜಾಗಗಳಿರುವುದೇ ಆ ಊರಿನ ದೊಡ್ಡ ಲಾಭ: ಬಿದ್ದಲ್ಲಿ ಎದ್ದು ನಿಲ್ಲಬಹುದು. ಮಧುರೈವರೆಗೆ ರೈಲು ಅಥವಾ ವಿಮಾನ, ಅಲ್ಲಿಂದ ಸುಮಾರು 170 ಕಿ.ಮೀ. ರಸ್ತೆ. ಗೋವಾದ ಮೋರ್ಜಿ, ಅಶ್ವೆ ತೀರಗಳಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಮಧ್ಯಾಹ್ನದ ಮೇಲೆ ಕಡಲಗಾಳಿ ಸಿಗುತ್ತದೆ, ಸ್ವಲ್ಪ ಮೆದು. ನಮ್ಮ ಕರಾವಳಿಯ ಮಳೆಗಾಲದ ಗಾಳಿ ಕಂಡು ಮರುಳಾಗಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧವಿರುವ ಕಾಲ ಅದು. ಕಡಲು ಕಲಿಯುವವರ ಕೈಗೆ ಸಿಗುವಂಥದ್ದಲ್ಲ.

ಶಾಲೆ ಆರಿಸುವಾಗ ಕೇಳಬೇಕಾದದ್ದು: ಬೋಧಕರಿಗೆ ಐಕೆಒ (ಅಂತರರಾಷ್ಟ್ರೀಯ ಕೈಟ್‌ಬೋರ್ಡಿಂಗ್ ಸಂಸ್ಥೆ) ಅಥವಾ ಅಂಥದೇ ಪ್ರಮಾಣಪತ್ರ ಇದೆಯೇ? ಒಬ್ಬ ಬೋಧಕರಿಗೆ ಎಷ್ಟು ಮಂದಿ? ಇಬ್ಬರಿಗಿಂತ ಹೆಚ್ಚಾದರೆ ನಿಮ್ಮ ಗಂಟೆಗಳಲ್ಲಿ ಬಹುಪಾಲು ನೋಡುವುದರಲ್ಲೇ ಕಳೆಯುತ್ತದೆ. ರಕ್ಷಣಾ ದೋಣಿ ಇದೆಯೇ? ಗಾಳಿ ಇಲ್ಲದ ದಿನದ ಹಣ ಏನಾಗುತ್ತದೆ?

ಪ್ರಶ್ನೆ: ಒಂದು ಕೋರ್ಸ್ ಮುಗಿಸಿದೆ. ಪಟ ಹಾರಿಸಬಲ್ಲೆ, ಆದರೆ ಹಲಗೆಯ ಮೇಲೆ ಎದ್ದು ನಿಲ್ಲಲು ಆಗುತ್ತಿಲ್ಲ. ಎದ್ದ ತಕ್ಷಣ ಮುಂದಕ್ಕೆ ಮುಗ್ಗರಿಸುತ್ತೇನೆ, ಇಲ್ಲವೇ ಮುಳುಗುತ್ತೇನೆ. ತಪ್ಪೆಲ್ಲಿ?

ಉತ್ತರ: ಎರಡೂ ಬೇರೆ ಬೇರೆ ತಪ್ಪುಗಳು. ಮುಂದಕ್ಕೆ ಬೀಳುವುದಕ್ಕೆ ಮುಖ್ಯ ಕಾರಣ ಮಂಡಿ ಸೆಟೆಸುವುದು. ಪಟ ಎಳೆದಾಗ ಕಾಲು ಚಾಚಿ ಒದ್ದರೆ ಹಲಗೆ ನೀರಿಗೆ ಅಡ್ಡಗೋಡೆಯಾಗಿ ನಿಲ್ಲುತ್ತದೆ, ನೀವು ಅದರ ಮೇಲಿಂದ ಹಾರಿ ಹೋಗುತ್ತೀರಿ. ಮಂಡಿ ಎದೆಯತ್ತ ಮಡಿಸಿ, ಹಿಮ್ಮಡಿ ಹಲಗೆಗೆ ಒತ್ತಿ, ಪಟವೇ ನಿಮ್ಮನ್ನು ಎಬ್ಬಿಸಲಿ. ಎದ್ದ ಕೂಡಲೇ ಮುಂಗಾಲನ್ನು ಗಾಳಿ ಹೋಗುವತ್ತ ತುಸು ತಿರುಗಿಸಿ, ಹಲಗೆ ಓಡಲು ಬಿಡಿ. ಓಟ ಸಿಕ್ಕ ಮೇಲೆಯೇ ಹಿಮ್ಮಡಿಯಿಂದ ಹಲಗೆಯ ಅಂಚು ಒತ್ತುವುದು.

ಮುಳುಗುವುದಕ್ಕೆ ಕಾರಣ ಪಟವನ್ನು ಒಂದೇ ಸಲ ಇಳಿಸಿ ಅಲ್ಲೇ ಬಿಡುವುದು. ಬಲಕ್ಕೆ ಹೋಗಬೇಕಾದರೆ ಪಟವನ್ನು 12ರಿಂದ ಮೊದಲು 11ಕ್ಕೆ ತನ್ನಿ, ಅಲ್ಲಿಂದ ಜೋರಾಗಿ ಒಂದೂವರೆಗೆ ಇಳಿಸಿ, ಎದ್ದಿರೆಂದು ಅನ್ನಿಸಿದೊಡನೆ ಮತ್ತೆ ಒಂದರತ್ತ ಎತ್ತಿ, ಮತ್ತೆ ಇಳಿಸಿ. ಒಂದು ಎಳೆತ ನಿಮ್ಮನ್ನು ಎಬ್ಬಿಸುತ್ತದೆ, ಓಡಿಸುವುದು ಎರಡನೆಯದು. ಕಣ್ಣು ಹೋಗುವ ದಿಕ್ಕಿನಲ್ಲಿರಲಿ. ಪಟವನ್ನೇ ನೋಡುತ್ತಿದ್ದರೆ ಮೈ ಅತ್ತಲೇ ವಾಲುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಬಾರ್. ಹೆದರಿಕೆಯಾದಾಗ ಏನನ್ನಾದರೂ ಬಿಗಿಹಿಡಿದು ಎಳೆದುಕೊಳ್ಳುವುದು ಮನುಷ್ಯನ ಸ್ವಭಾವ. ಇಲ್ಲಿ ಬಾರನ್ನು ಹತ್ತಿರ ಎಳೆದರೆ ಶಕ್ತಿ ಹೆಚ್ಚುತ್ತದೆ, ಇನ್ನೂ ಎಳೆದರೆ ಪಟ ಉಸಿರುಗಟ್ಟಿ ಹಿಂದಕ್ಕೆ ಜಾರುತ್ತದೆ. ಗೊಂದಲವಾದರೆ ಬಾರ್ ದೂರ ತಳ್ಳಿ, ಅದೂ ಸಾಲದಿದ್ದರೆ ಕೈ ಬಿಡಿ, ಅದೂ ಸಾಲದಿದ್ದರೆ ಕ್ವಿಕ್ ರಿಲೀಸ್ (ಪಟದ ಎಳೆತವನ್ನು ತಕ್ಷಣ ಕಳಚುವ ಕೊಂಡಿ) ತಳ್ಳಿ. ಕಣ್ಣು ಮುಚ್ಚಿಯೂ ಅದು ಕೈಗೆ ಸಿಗುವಷ್ಟು ದಡದಲ್ಲಿ ಅಭ್ಯಾಸ ಮಾಡಿರಬೇಕು. ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ, ಯೋಚಿಸಲು ಆಗ ಸಮಯ ಇರುವುದಿಲ್ಲ.

ಹಲಗೆ ತಪ್ಪಿಸಿಕೊಂಡರೆ ಅದನ್ನು ತರಲು ಗಾಳಿ ಬರುವತ್ತ ಓರೆಯಾಗಿ ಮೈ ಎಳೆಸಿಕೊಂಡು ಹೋಗುವ ವಿದ್ಯೆ, ಅಂದರೆ ಬಾಡಿ ಡ್ರ್ಯಾಗ್, ಬರಲೇಬೇಕು. ಪಟ 10 ಅಥವಾ 2ರಲ್ಲಿ, ಒಂದು ಕೈ ಬಾರ್ ಮೇಲೆ, ಇನ್ನೊಂದು ಕೈ ನೀರಿನೊಳಗೆ ಚಾಚಿ ಮೈಯನ್ನೇ ಅಂಚಾಗಿಸುವುದು. ಅನೇಕರು ಇದನ್ನು ಬೇಸರದ ಪಾಠವೆಂದು ಹಾರಿಸುತ್ತಾರೆ. ಹಲಗೆಗೆ ಹಗ್ಗ ಕಟ್ಟಿಕೊಳ್ಳುವುದಂತೂ ಬೇಡ, ಜಗ್ಗಿದ ಹಲಗೆ ತಲೆಗೇ ಬಂದು ಬಡಿಯುತ್ತದೆ.

ಪ್ರಶ್ನೆ: ತೂಕ 68 ಕಿಲೋ. ಹಳೆಯ ಸಾಮಾನು ಕಡಿಮೆ ಬೆಲೆಗೆ ಸಿಗುತ್ತಿದೆ. ಕೊಳ್ಳಬಹುದೇ? ಯಾವ ಅಳತೆ?

ಉತ್ತರ: ಕೋರ್ಸ್ ಮುಗಿಯುವ ಮೊದಲು ಹಾರ್ನೆಸ್ (ಪಟದ ಎಳೆತ ಹೊರಲು ಮೈಗೆ ಕಟ್ಟುವ ಪಟ್ಟಿ), ಹೆಲ್ಮೆಟ್ ಬಿಟ್ಟು ಏನೂ ಬೇಡ. ಅಳತೆಗೆ ಒಂದು ಅಂದಾಜು: ತೂಕವನ್ನು 2.2ರಿಂದ ಗುಣಿಸಿ ಗಾಳಿಯ ನಾಟ್‌ನಿಂದ ಭಾಗಿಸಿ. 16 ನಾಟ್, ಅಂದರೆ ಗಂಟೆಗೆ ಸುಮಾರು 30 ಕಿ.ಮೀ. ಗಾಳಿಗೆ ನಿಮಗೆ 9 ಚದರ ಮೀಟರ್. 12 ನಾಟ್‌ಗೆ 12.

ಹಳೆಯದಾದರೆ 2005ರ ನಂತರ ಬಂದ, ಬಾರ್ ತಳ್ಳಿದಾಗ ಶಕ್ತಿ ಪೂರ್ತಿ ಇಳಿಯುವ ಮಾದರಿಯೇ ಆಗಿರಲಿ. ಅದಕ್ಕೂ ಹಿಂದಿನದನ್ನು ಪುಕ್ಕಟೆ ಕೊಟ್ಟರೂ ಬೇಡ. ಪಟದ ಮುಂದಂಚಿನ ಕೊಳವೆಗೆ ಗಾಳಿ ತುಂಬಿ ಮನೆಯೊಳಗೆ ನಾಲ್ಕೈದು ಗಂಟೆ ಬಿಡಿ, ಸೋರುತ್ತದೆಯೇ ಗೊತ್ತಾಗುತ್ತದೆ (ತಾರಸಿಯ ಬಿಸಿಲಲ್ಲಿ ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ ಹೊಲಿಗೆ ಬಿಡಬಹುದು). ಬಟ್ಟೆ ಹಿಂಡಿದಾಗ ಗರಗರ ಎನ್ನಬೇಕು. ಹಳೆಯ ಸೀರೆಯಂತೆ ಮೆತ್ತಗಿದ್ದರೆ ಅದರ ಆಯಸ್ಸು ಮುಗಿದಿದೆ. ಬಾರ್‌ನಿಂದ ಪಟಕ್ಕೆ ಹೋಗುವ ನಾಲ್ಕೂ ದಾರಗಳ ತುದಿಯನ್ನು ಒಂದೇ ಕೊಕ್ಕೆಗೆ ಸಿಕ್ಕಿಸಿ, ಬಾರ್ ಪೂರ್ತಿ ಎಳೆದು ಉದ್ದ ನೋಡಿ. ಭಾರ ಹೆಚ್ಚು ಹೊರುವ ಮುಂದಿನ ಎರಡು ದಾರಗಳು ವರ್ಷಗಳು ಕಳೆದಂತೆ ಹಿಗ್ಗುತ್ತವೆ, ಆಗ ಹಿಂದಿನವು ಗಿಡ್ಡವೆನಿಸಿ ಪಟ ಹಿಂದಕ್ಕೆ ಬೀಳುತ್ತಲೇ ಇರುತ್ತದೆ. ಮಾರುವವರು ಅದನ್ನು ಗಾಳಿಯ ದೋಷ ಎನ್ನುತ್ತಾರೆ. ಗಂಟು ಬದಲಿಸಿ ಸರಿಪಡಿಸಬಹುದು, ತೀರ ಹೆಚ್ಚಿದ್ದರೆ ದಾರಗಳನ್ನೇ ಬದಲಿಸಬೇಕು.

ಪ್ರಶ್ನೆ: ವಯಸ್ಸು 47, ಕನ್ನಡಕ ಇದೆ, ಈಜು ಅಷ್ಟಕ್ಕಷ್ಟೆ. ನನ್ನಂಥ ಮಹಿಳೆಯರಿಗೆ ಆಗುತ್ತದೆಯೇ?

ಉತ್ತರ: ವಯಸ್ಸು ಅಡ್ಡಿಯಲ್ಲ, ತೋಳಿನ ಬಲವೂ ಬೇಕಿಲ್ಲ. ಎಳೆತವೆಲ್ಲ ಹಾರ್ನೆಸ್ ಮೂಲಕ ಸೊಂಟಕ್ಕೆ ಬರುತ್ತದೆ. ಸೊಂಟದ ಹಾರ್ನೆಸ್ ಮೇಲಕ್ಕೆ ಜಾರಿ ಪಕ್ಕೆಲುಬು ಒತ್ತುವುದಾದರೆ ಕುಳಿತುಕೊಳ್ಳುವ ಬಗೆಯ, ತೊಡೆಪಟ್ಟಿ ಇರುವ ಹಾರ್ನೆಸ್ ಕೇಳಿ. ಕನ್ನಡಕಕ್ಕೆ ತೇಲುವ ಪಟ್ಟಿ ಕಟ್ಟಿ. ಬೆನ್ನು, ಮಂಡಿಯ ಹಳೆಯ ನೋವಿದ್ದರೆ ವೈದ್ಯರನ್ನು ಮೊದಲೇ ಕೇಳಿ. ಈಜಿನಲ್ಲಿ ಮಾತ್ರ ರಿಯಾಯಿತಿ ಇಲ್ಲ. ಹತ್ತಿರದ ಈಜುಕೊಳದಲ್ಲಿ ಎರಡು–ಮೂರು ತಿಂಗಳು ಕಲಿತು, ನಿಲ್ಲದೆ 200 ಮೀಟರ್ ಈಜಿ, ಕಾಲು ನೆಲಕ್ಕೆ ತಾಗದಂತೆ ಹತ್ತು ನಿಮಿಷ ತೇಲಬಲ್ಲಿರಾದರೆ ಆಮೇಲೆ ಕೋರ್ಸಿಗೆ ಹಣ ಕಟ್ಟಿ.