ಹಳೇ ಟಿವಿ ಗೇಮ್ ಕಂಟ್ರೋಲರ್ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುತ್ತದೆ, ವೈರ್ ಕತ್ತರಿಸಬೇಡಿ

ತೊಂಬತ್ತರ ದಶಕದ ಟಿವಿ ಗೇಮ್ ಒಂದರ ಎರಡು ಕಂಟ್ರೋಲರ್ ಮತ್ತು ಗನ್ ನಿಮ್ಮ ಹತ್ತಿರ ಉಳಿದಿವೆ, ಕನ್ಸೋಲ್ ಕೆಟ್ಟುಹೋಗಿದೆ. ಪ್ಲಗ್ ಕತ್ತರಿಸಿ ಅಲ್ಲಿ ಯುಎಸ್‌ಬಿ ವೈರ್ ಸೇರಿಸಿದರೆ ಲ್ಯಾಪ್‌ಟಾಪ್‌ನಲ್ಲಿ ಆಡಬಹುದಾ ಅಂತ ಕೇಳಿದ್ದೀರಿ. ಕಂಟ್ರೋಲರ್‌ಗಳಲ್ಲಿ ಖಂಡಿತ ಆಡಬಹುದು. ಆದರೆ ದಯವಿಟ್ಟು ಪ್ಲಗ್ ಕತ್ತರಿಸಬೇಡಿ.

ಸುಮ್ನೆ ವೈರಿಗೆ ವೈರ್ ಸೇರಿಸಿದರೆ ಏನೂ ನಡೆಯುವುದಿಲ್ಲ. ಎರಡೂ ಕಡೆ 5 ವೋಲ್ಟ್ ಇದೆ, ಹೊಂದಿಕೆ ಅಷ್ಟಕ್ಕೇ ಮುಗಿಯಿತು. ಯುಎಸ್‌ಬಿಗೆ ಏನು ಚುಚ್ಚಿದರೂ ಅದು ಮೊದಲು ತಾನು ಯಾರು ಅಂತ ಕಂಪ್ಯೂಟರಿಗೆ ಹೇಳಿಕೊಳ್ಳಬೇಕು. ನಿಮ್ಮ ಕಂಟ್ರೋಲರಿನ, ಅಂದರೆ ಪ್ಯಾಡಿನ, ವಿನ್ಯಾಸ ಹುಟ್ಟಿದ ಕಾಲದಲ್ಲಿ ಆ ಪದ್ಧತಿ ಇರಲಿಲ್ಲ. ನಮ್ಮಲ್ಲಿ ಆಗ ಮಾರುತ್ತಿದ್ದ ಟಿವಿ ಗೇಮ್‌ಗಳಲ್ಲಿ ಹೆಚ್ಚಿನವು ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್ ಎಂಬ ಕನ್ಸೋಲ್‌ನ ನಕಲುಗಳು. ಅದರ ಪ್ಯಾಡ್ ಒಳಗಡೆ ಇರುವುದು 4021 ಎಂಬ ಒಂದು ಶಿಫ್ಟ್ ರಿಜಿಸ್ಟರ್ ಚಿಪ್. ಇದರ ಕೆಲಸ ಎಷ್ಟು ಸರಳ ಅಂದರೆ, ಅರ್ಥವಾದ ಮೇಲೆ ಅದರ ಮೇಲೆ ಪ್ರೀತಿಯೇ ಹುಟ್ಟುತ್ತದೆ.

ಕನ್ಸೋಲ್ ಮೊದಲು ಲ್ಯಾಚ್ ವೈರಿನಲ್ಲಿ ಒಂದು ಪಲ್ಸ್ ಕಳಿಸುತ್ತದೆ. ಆ ಕ್ಷಣಕ್ಕೆ ಎಂಟು ಬಟನ್‌ಗಳಲ್ಲಿ ಯಾವುದು ಒತ್ತಿದೆ, ಯಾವುದು ಇಲ್ಲ ಅನ್ನುವುದನ್ನು ಚಿಪ್ ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಕ್ಲಾಕ್ ಪಲ್ಸ್ ಬಂದ ಹಾಗೆಲ್ಲ, ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ, ಡೇಟಾ ವೈರಿನಲ್ಲಿ ಒಂದೊಂದೇ ಉತ್ತರ ಬರುತ್ತದೆ: ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ. ಒತ್ತಿದ್ದರೆ ಸೊನ್ನೆ, ಇಲ್ಲದಿದ್ದರೆ ಒಂದು. ಈ ಮೂರರ ಜೊತೆ 5 ವೋಲ್ಟ್ ಮತ್ತು ಗ್ರೌಂಡ್ ಸೇರಿ ಒಟ್ಟು ಐದೇ ವೈರ್. ಟರ್ಬೊ ಬಟನ್‌ಗಳಿದ್ದರೂ ಚಿಂತೆಯಿಲ್ಲ, ಆ ಕೆಲಸ ಪ್ಯಾಡ್ ಒಳಗೇ ಮುಗಿಯುತ್ತದೆ.

ಹಾಗಾಗಿ ನಿಮಗೆ ಬೇಕಾಗಿರುವುದು ಕನ್ಸೋಲ್ ಥರ ಪ್ರಶ್ನೆ ಕೇಳಿ, ಬಂದ ಉತ್ತರವನ್ನು ಯುಎಸ್‌ಬಿಯಲ್ಲಿ ದಾಟಿಸುವ ಒಂದು ಚಿಕ್ಕ ಬೋರ್ಡ್. ಆರ್ಡುಯಿನೊ ಸಾಫ್ಟ್‌ವೇರ್‌ನಲ್ಲಿ ಪ್ರೋಗ್ರಾಮ್ ಹಾಕಬಹುದಾದ ಪ್ರೊ ಮೈಕ್ರೊ ಬೋರ್ಡ್, 5 ವೋಲ್ಟಿನದು, ಇದಕ್ಕೆ ಸರಿಯಾಗಿ ಹೊಂದುತ್ತದೆ. ಅದರಲ್ಲಿರುವ ಎಟಿಮೆಗಾ 32ಯು4 ಚಿಪ್ ತಾನೇ ಯುಎಸ್‌ಬಿ ಜಾಯ್‌ಸ್ಟಿಕ್ ಆಗಿ ನಿಲ್ಲಬಲ್ಲದು. ಎಲ್ಲರ ಮನೆಯಲ್ಲೂ ಬಿದ್ದಿರುವ ಹಳೆಯ ಆರ್ಡುಯಿನೊ ಊನೊ ಬೋರ್ಡ್ (ಆರ್3 ವರೆಗಿನದು) ಬೇಡ, ಅದರ ಮುಖ್ಯ ಚಿಪ್‌ಗೆ ಯುಎಸ್‌ಬಿ ಇಲ್ಲ.

ನೀವೂ ಬೆಂಗಳೂರಿನವರೇ ಅಂದಿದ್ದೀರಿ, ಹಾಗಾದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡ್‌ಗೆ ಹೋಗಿ ಬನ್ನಿ. ಚಿಕ್ಕಪೇಟೆ ಮೆಟ್ರೋದಿಂದ ನಡೆದೇ ಹೋಗಬಹುದು. ಭಾನುವಾರ ಬೇಡ, ಜಾಸ್ತಿ ಅಂಗಡಿ ಮುಚ್ಚಿರುತ್ತವೆ. ಪ್ಯಾಡನ್ನೂ ಜೊತೆಗೆ ತಗೊಂಡು ಹೋಗಿ, ಯಾಕಂದರೆ ಈ ನಕಲುಗಳಲ್ಲಿ 9 ಪಿನ್ ಪ್ಲಗ್ ಇರುವುದೂ ಉಂಟು, 15 ಪಿನ್ ಇರುವುದೂ ಉಂಟು. 9 ಪಿನ್ ಆದರೆ ‘ಡಿ ಕನೆಕ್ಟರ್, ಮೇಲ್’ ಅಂತ ಕೇಳಿ. ನಿಮ್ಮ ಪ್ಲಗ್ ಹೋಗಿ ಇದರಲ್ಲಿ ಕೂರುತ್ತದೆ, ಇದರ ಹಿಂದೆ ಬೋರ್ಡ್ ಬೆಸುಗೆ ಹಾಕುತ್ತೀರಿ. ಪ್ಯಾಡ್ ಇದ್ದ ಹಾಗೇ ಇರುತ್ತದೆ. ನಾಳೆ ಒಂದು ಒಳ್ಳೆಯ ಕನ್ಸೋಲ್ ಸಿಕ್ಕರೆ ಅದಕ್ಕೂ ಹಾಕಬಹುದು ಅಲ್ವಾ?

ಒಂದು ಎಚ್ಚರಿಕೆ. ಹಳೆಯ ಡೆಸ್ಕ್‌ಟಾಪ್‌ಗಳ ಹಿಂದೆ ಇರುವ ಸೀರಿಯಲ್ ಪೋರ್ಟ್‌ಗೂ ಈ 9 ಪಿನ್ ಪ್ಲಗ್ ಸರಿಯಾಗಿ ಕೂತುಬಿಡುತ್ತದೆ. ಹಾಕಲೇಬೇಡಿ. ಅಲ್ಲಿ ಪ್ಲಸ್ 12, ಮೈನಸ್ 12 ವೋಲ್ಟ್ ಹತ್ತಿರದ ಸಿಗ್ನಲ್ ಓಡಾಡುತ್ತದೆ. 5 ವೋಲ್ಟಿನ ಪ್ಯಾಡ್ ಸುಟ್ಟುಹೋಗಬಹುದು.

9 ಪಿನ್ ನಕಲುಗಳಲ್ಲಿ ಸಾಮಾನ್ಯವಾಗಿ 2 ಡೇಟಾ, 3 ಲ್ಯಾಚ್, 4 ಕ್ಲಾಕ್, 6 ಐದು ವೋಲ್ಟ್, 8 ಗ್ರೌಂಡ್. ಇದನ್ನೇ ನಂಬಿ ಕರೆಂಟ್ ಕೊಡಬೇಡಿ. ಪ್ಯಾಡ್‌ನ ಸ್ಕ್ರೂ ಬಿಚ್ಚಿ, ಯಾವ ಪಿನ್ ಒಳಗೆ ಎಲ್ಲಿಗೆ ಸೇರಿದೆ ಅಂತ ಮಲ್ಟಿಮೀಟರ್ ಹಿಡಿದು ನೋಡಿ. ಒಳಗೆ ಕಾಲುಗಳಿರುವ ನಿಜವಾದ 4021 ಇದ್ದರೆ ಕೆಲಸ ಸುಲಭ: 16ನೇ ಕಾಲು ಪವರ್, 8 ಗ್ರೌಂಡ್, 9 ಲ್ಯಾಚ್, 10 ಕ್ಲಾಕ್, 3 ಡೇಟಾ. ಚಿಪ್ ಜಾಗದಲ್ಲಿ ಕಪ್ಪು ಅಂಟಿನ ಬೊಟ್ಟು ಮಾತ್ರ ಇದ್ದರೆ ಮೊದಲು ಗ್ರೌಂಡ್ ಹುಡುಕಿ. ಬಟನ್‌ಗಳಿಗೆಲ್ಲ ಒಂದು ಬದಿಯಲ್ಲಿ ಸಾಮಾನ್ಯವಾಗಿ ಸೇರುವ ಗೆರೆ ಅದೇ. ಐದರ ಬದಲು ಒಂಬತ್ತೂ ಪಿನ್‌ಗೆ ವೈರ್ ಇದ್ದರೆ ಅಲ್ಲೇ ನಿಲ್ಲಿ, ಅದು ಸೆಗಾ ಮೆಗಾ ಡ್ರೈವ್ ಥರದ್ದಿರಬಹುದು, ಅದರ ಲೆಕ್ಕವೇ ಬೇರೆ.

ಹೇಗೂ ಬಿಚ್ಚಿದ್ದೀರಲ್ಲ, ರಬ್ಬರ್ ಕೆಳಗಿನ ಕಪ್ಪು ಇಂಗಾಲದ ಬೊಟ್ಟುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಜೋರಾಗಿ ಉಜ್ಜಿದರೆ ಇಂಗಾಲವೇ ಎದ್ದುಹೋಗುತ್ತದೆ. ಬಟನ್ ಕೆಲಸ ಮಾಡುತ್ತಿಲ್ಲ ಅಂತ ಎಸೆಯುವ ಎಷ್ಟೋ ಪ್ಯಾಡ್‌ಗಳಿಗೆ ಇಷ್ಟೇ ಸಾಕು.

ಆಡುವುದಷ್ಟೇ ಮುಖ್ಯ ಅನ್ನುವವರು ಅದೇ ಆಕಾರದ ಹೊಸ ಯುಎಸ್‌ಬಿ ಪ್ಯಾಡ್ ತಗೊಳ್ಳಬಹುದು, ತಪ್ಪೇನಿಲ್ಲ. ಆದರೆ ಅಗ್ಗದವುಗಳಲ್ಲಿ ಕೆಲವು ಲೋ ಸ್ಪೀಡ್ ಯುಎಸ್‌ಬಿಯಲ್ಲಿ ನಡೆಯುತ್ತವೆ. ಅವನ್ನು ಕಂಪ್ಯೂಟರ್ ಮಾತಾಡಿಸುವುದು 8-10 ಮಿಲಿಸೆಕೆಂಡಿಗೆ ಒಮ್ಮೆ. ಪ್ರೊ ಮೈಕ್ರೊವನ್ನು ಸೆಕೆಂಡಿಗೆ 1000 ಸಲ ಮಾತಾಡಿಸಬಹುದು. ಸೆಕೆಂಡಿಗೆ 60 ಫ್ರೇಮ್ ಓಡುವ ಗೇಮಿನಲ್ಲಿ ಒಂದು ಫ್ರೇಮಿಗೆ ಸಿಗುವುದೇ ಹದಿನಾರು ಚಿಲ್ಲರೆ ಮಿಲಿಸೆಕೆಂಡ್. ಸರಿಯಾದ ಹೊತ್ತಿಗೆ ಜಿಗಿಯಬೇಕಾದಾಗ ಈ ವ್ಯತ್ಯಾಸ ಬೆರಳಿಗೆ ಗೊತ್ತಾಗಬಹುದು.

ಗನ್ ವಿಷಯದಲ್ಲಿ ಮಾತ್ರ ನಿರಾಸೆ. ಬಾತುಕೋಳಿಗೆ ಗುರಿಯಿಡುವ ಡಕ್ ಹಂಟ್ ಗೇಮಿನಲ್ಲಿ ಟ್ರಿಗರ್ ಒತ್ತಿದಾಗ ಪರದೆ ಕಪ್ಪಾಗುತ್ತದೆ, ಬಾತುಕೋಳಿ ಇದ್ದ ಜಾಗದಲ್ಲಿ ಒಂದು ಬಿಳಿ ಚೌಕ ಮಿಂಚುತ್ತದೆ. ಗನ್ ನೋಡುವುದು ಆ ಬೆಳಕನ್ನು. ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಅದನ್ನು ತಕ್ಷಣ ತೋರಿಸುತ್ತಿತ್ತು, ಈಗಿನ ಎಲ್‌ಸಿಡಿ ತಡಮಾಡುತ್ತದೆ. ಯಾವ ಅಡಾಪ್ಟರ್ ಹಾಕಿದರೂ ಇದು ಸರಿಹೋಗುವುದಿಲ್ಲ. ಎಮ್ಯುಲೇಟರ್‌ನಲ್ಲಿ, ಅಂದರೆ ಹಳೇ ಗೇಮ್‌ಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಸಾಫ್ಟ್‌ವೇರ್‌ನಲ್ಲಿ, ಗನ್ ಬದಲು ಮೌಸ್ ಇಟ್ಟುಕೊಳ್ಳಿ.

ಪ್ರೋಗ್ರಾಮ್ ಬರೆಯುವುದು ಕಷ್ಟವಲ್ಲ. ಆರ್ಡುಯಿನೊಗೆ ಜಾಯ್‌ಸ್ಟಿಕ್ ಲೈಬ್ರರಿ ಸಿಗುತ್ತದೆ. ಲ್ಯಾಚ್ ಒಮ್ಮೆ ಮಾತ್ರ 12 ಮೈಕ್ರೊಸೆಕೆಂಡ್ ಎತ್ತಿ ಇಳಿಸಿ. ಆಮೇಲೆ ಡೇಟಾ ಓದಿ, ಕ್ಲಾಕ್ ಕೊಡಿ, ಇವೆರಡನ್ನು ಮಾತ್ರ ಎಂಟು ಸಲ. ಲ್ಯಾಚ್ ಮತ್ತು ಕ್ಲಾಕ್ ಎರಡೂ ಪ್ಯಾಡ್‌ಗೆ ಒಂದೇ ಸಾಕು, ಡೇಟಾ ಮಾತ್ರ ಬೇರೆ ಬೇರೆ ಪಿನ್‌ಗೆ ಹೋಗಲಿ. ಆಗ ಒಂದೇ ಬೋರ್ಡ್‌ನಲ್ಲಿ ಇಬ್ಬರು ಆಡಬಹುದು. ರೆಟ್ರೊಆರ್ಚ್ ಎಂಬ ಎಮ್ಯುಲೇಟರ್ ಸಾಫ್ಟ್‌ವೇರ್‌ನಲ್ಲಿ ಬಟನ್‌ಗಳನ್ನು ನೀವೇ ಹೊಂದಿಸಿಕೊಳ್ಳಿ. ಎಕ್ಸ್‌ಬಾಕ್ಸ್ ಪ್ಯಾಡ್ ಮಾತ್ರ ಗುರುತಿಸುವ ಹೊಸ ಗೇಮ್ ಆದರೆ ಗೇಮ್ ಮಾರುವ ಸ್ಟೀಮ್ ಆ್ಯಪ್‌ನ ಕಂಟ್ರೋಲರ್ ಸೆಟ್ಟಿಂಗ್ ಮೂಲಕ ಓಡಿಸಿ.

ವೈರ್ ಗುರುತಿಸುವಾಗ ಗೊಂದಲವಾದರೆ ಕರೆಂಟ್ ಕೊಡುವ ಮೊದಲೇ ಪ್ಯಾಡ್ ಒಳಗಿನ ಬೋರ್ಡ್‌ನ ಎರಡೂ ಬದಿಯ ಫೋಟೊ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.